ಡಿಎಸ್‌ಎಲ್‌ಆರ್ ಕಾಲ ಮುಗಿಯಿತೇ? 50 ಸಾವಿರದಲ್ಲಿ ಮೊದಲ ಕ್ಯಾಮೆರಾ ಕೊಳ್ಳುವವರು ನೋಡಬೇಕಾದ್ದೇನು?

ಮೊಬೈಲ್‌ನಲ್ಲಿ ಫೋಟೊ ತೆಗೆದು ಕೈ ಪಳಗಿದ ಮೇಲೆ ಒಂದು ಒಳ್ಳೆಯ ಕ್ಯಾಮೆರಾ ಬೇಕು ಅನ್ನಿಸುವುದು ಸಹಜ. ಕೈಯಲ್ಲಿರುವುದು 50 ಸಾವಿರ ರೂಪಾಯಿ. ಅಂಗಡಿಯವರು ಮಿರರ್‌ಲೆಸ್ ತೆಗೆದುಕೊಳ್ಳಿ ಎನ್ನುತ್ತಾರೆ, ಹಳೆಯ ಫೋಟೊಗ್ರಾಫರ್‌ಗಳು ಡಿಎಸ್‌ಎಲ್‌ಆರ್ ಸಾಕು ಎನ್ನುತ್ತಾರೆ. ಈ ಗೊಂದಲಕ್ಕೆ ಕಾರಣ ಮಾರುಕಟ್ಟೆಯಲ್ಲೇ ಆಗಿರುವ ಬದಲಾವಣೆ.

ಅಂಕಿ-ಅಂಶ ಏನು ಹೇಳುತ್ತದೆ?

ಜಪಾನ್‌ನ ಕ್ಯಾಮೆರಾ ಉದ್ಯಮ ಸಂಘಟನೆ 'ಸಿಪಾ' ಲೆಕ್ಕದಂತೆ 2010ರಲ್ಲಿ 12 ಕೋಟಿಗೂ ಹೆಚ್ಚು ಡಿಜಿಟಲ್ ಕ್ಯಾಮೆರಾಗಳು ಕಾರ್ಖಾನೆಯಿಂದ ಹೊರಬಿದ್ದಿದ್ದವು. 2023ರಲ್ಲಿ ಈ ಸಂಖ್ಯೆ ಸುಮಾರು 77 ಲಕ್ಷ. ಚಿಕ್ಕ ಕ್ಯಾಮೆರಾಗಳ ಜಾಗವನ್ನು ಮೊಬೈಲ್ ಆಕ್ರಮಿಸಿತು. ಉಳಿದ ಮಾರುಕಟ್ಟೆಯಲ್ಲಿ 2020ರಲ್ಲಿ ಮಿರರ್‌ಲೆಸ್ ಡಿಎಸ್‌ಎಲ್‌ಆರ್ ಅನ್ನು ಹಿಂದಿಕ್ಕಿತು. 2023ರಲ್ಲಿ ಮಿರರ್‌ಲೆಸ್ ಸುಮಾರು 48 ಲಕ್ಷ, ಡಿಎಸ್‌ಎಲ್‌ಆರ್ ಸುಮಾರು 12 ಲಕ್ಷ.

2020ರ ನಂತರ ಕ್ಯಾನನ್ ಆಗಲಿ, ನಿಕಾನ್ ಆಗಲಿ ಹೊಸ ಡಿಎಸ್‌ಎಲ್‌ಆರ್ ಮಾದರಿ ತಂದಿಲ್ಲ. ವೃತ್ತಿಪರರು ಮಿರರ್‌ಲೆಸ್‌ಗೆ ಬದಲಾಗುತ್ತಿದ್ದಂತೆ ಅವರ ಹಳೆಯ ಕ್ಯಾಮೆರಾ, ಲೆನ್ಸ್‌ಗಳು ಸೆಕೆಂಡ್ ಹ್ಯಾಂಡ್ ಮಾರುಕಟ್ಟೆಗೆ ಬರುತ್ತಿವೆ. ಕಡಿಮೆ ಬಜೆಟ್‌ನವರಿಗೆ ಅವಕಾಶ ಇರುವುದು ಇಲ್ಲೇ.

ಬಾಡಿಗಿಂತ ಲೆನ್ಸ್ ಮುಖ್ಯ

ಹೊಸ ಮಾದರಿ ಬಂದಿಲ್ಲ ಎಂದ ಮಾತ್ರಕ್ಕೆ ಹಳೆಯ ಕ್ಯಾಮೆರಾದ ಫೋಟೊ ಕೆಡುವುದಿಲ್ಲ. 24 ಮೆಗಾಪಿಕ್ಸೆಲ್ ಚಿತ್ರವನ್ನು 20 ಇಂಚು ಅಗಲಕ್ಕೆ ಚೆನ್ನಾಗಿಯೇ ಮುದ್ರಿಸಬಹುದು. ವ್ಯತ್ಯಾಸ ಕಾಣುವುದು ಲೆನ್ಸ್‌ನಲ್ಲಿ.

ಮುಂಬೈನ ಸಭಾಂಗಣದಲ್ಲಿ ಯಕ್ಷಗಾನವೋ, ಕನ್ನಡ ಸಂಘದ ರಾಜ್ಯೋತ್ಸವದಲ್ಲಿ ಮಗಳ ನೃತ್ಯವೋ ಇದೆ ಎಂದುಕೊಳ್ಳಿ. ಕ್ಯಾಮೆರಾ ಜತೆ ಬರುವ 18-55 ಎಂಎಂ ಲೆನ್ಸ್ ಅನ್ನು ಪೂರ್ತಿ ಜೂಮ್ ಮಾಡಿದಾಗ ಅಪರ್ಚರ್ ಸಾಮಾನ್ಯವಾಗಿ ಎಫ್ 5.6ಕ್ಕೆ ನಿಲ್ಲುತ್ತದೆ. 50 ಎಂಎಂ ಎಫ್ 1.8 ಲೆನ್ಸ್ ಅದಕ್ಕಿಂತ ಒಂಬತ್ತು ಪಟ್ಟಿಗೂ ಹೆಚ್ಚು ಬೆಳಕು ಒಳಗೆ ಬಿಡುತ್ತದೆ. ಎಲ್ಲ ಹಣವನ್ನೂ ಹೊಸ ಬಾಡಿಗೆ ಸುರಿದವರಿಗೆ ಈ ಲೆನ್ಸ್‌ಗೆ ದುಡ್ಡು ಉಳಿಯುವುದಿಲ್ಲ.

ಒಂದು ಎಚ್ಚರಿಕೆ: ನಿಕಾನ್ ಡಿ3500, ಡಿ5600ರಂಥ ಮಾದರಿಗಳಲ್ಲಿ ಫೋಕಸ್ ಮೋಟಾರ್ ಇಲ್ಲ. ಅಗ್ಗಕ್ಕೆ ಸಿಗುವ ಹಳೆಯ ಎಎಫ್-ಡಿ ಲೆನ್ಸ್ ಹಾಕಿದರೆ ಆಟೊಫೋಕಸ್ ಕೆಲಸ ಮಾಡದು. ಎಎಫ್-ಎಸ್ ಅಥವಾ ಎಎಫ್-ಪಿ ಲೆನ್ಸ್ ಎಂದು ಖಚಿತಪಡಿಸಿಕೊಳ್ಳಿ.

ವಿಡಿಯೊ ಮಾಡುವವರಾದರೆ?

ರೀಲ್ಸ್, ಯೂಟ್ಯೂಬ್ ಮುಖ್ಯವಾದರೆ ಲೆಕ್ಕ ಬದಲಾಗುತ್ತದೆ. ಮುಖವನ್ನು ಹಿಂಬಾಲಿಸುವ ಫೋಕಸ್, 4ಕೆ ವಿಡಿಯೊ ವಿಷಯದಲ್ಲಿ ನಿಕಾನ್ ಝಡ್30, ಕ್ಯಾನನ್ ಆರ್50 ಮಾದರಿಯ ಮಿರರ್‌ಲೆಸ್‌ಗಳೇ ಮುಂದೆ. ಆದರೆ ಝಡ್30ರಲ್ಲಿ ವ್ಯೂಫೈಂಡರ್ ಇಲ್ಲ. ಆರ್50ಕ್ಕಿಂತ ಅಗ್ಗದ ಕ್ಯಾನನ್ ಆರ್100ರಲ್ಲಿ ಟಚ್ ಸ್ಕ್ರೀನ್ ಇಲ್ಲ, 4ಕೆಯಲ್ಲಿ ದೃಶ್ಯದ ವ್ಯಾಪ್ತಿಯೂ ಕಿರಿದಾಗುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವ ಮುನ್ನ

ದೆಹಲಿಯ ಚಾಂದನಿ ಚೌಕ್‌ನ ಕೂಚಾ ಚೌಧರಿ, ಮುಂಬೈನ ಫೋರ್ಟ್ ಪ್ರದೇಶದಲ್ಲಿ ಕ್ಯಾಮೆರಾ ಅಂಗಡಿಗಳ ಸಾಲೇ ಇದೆ. ಅಲ್ಲಿಗೆ ಹೋಗುವಾಗ ಇವು ನೆನಪಿರಲಿ:

* ಶಟರ್ ಕೌಂಟ್ ಕೇಳಿ. ಆರಂಭಿಕ ಹಂತದ ಹಲವು ಡಿಎಸ್‌ಎಲ್‌ಆರ್‌ಗಳ ಶಟರ್ ಬಾಳಿಕೆ ಅಂದಾಜು 1 ಲಕ್ಷ ಕ್ಲಿಕ್.
* ಲೆನ್ಸ್‌ನೊಳಗೆ ಟಾರ್ಚ್ ಬಿಟ್ಟು ನೋಡಿ. ಮುಂಬೈ, ಚೆನ್ನೈನಂಥ ಕಡಲತೀರದ ನಗರಗಳ ತೇವಕ್ಕೆ ಲೆನ್ಸ್‌ನಲ್ಲಿ ಫಂಗಸ್ ಕಟ್ಟುವುದು ಸಾಮಾನ್ಯ.
* ಮೂಲ ಬಿಲ್‌ನಲ್ಲಿರುವ ಸೀರಿಯಲ್ ನಂಬರ್ ಕ್ಯಾಮೆರಾದ್ದಕ್ಕೆ ತಾಳೆಯಾಗಬೇಕು.
* 'ಇಂಪೋರ್ಟೆಡ್ ಪೀಸ್, ಬೆಲೆ ಕಡಿಮೆ' ಎಂದರೆ ಭಾರತದ ವಾರಂಟಿ ಇದೆಯೇ ಎಂದು ಮೊದಲು ಕೇಳಿ.

ಯಾವುದು ಸರಿ?

ಫೋಟೊ ಕಲಿಯುವುದೇ ಗುರಿಯಾದರೆ ಸುಸ್ಥಿತಿಯಲ್ಲಿರುವ ಸೆಕೆಂಡ್ ಹ್ಯಾಂಡ್ ಡಿಎಸ್‌ಎಲ್‌ಆರ್ ಜತೆ ಒಂದು 50 ಎಂಎಂ ಲೆನ್ಸ್ ಜಾಣತನದ ಆಯ್ಕೆ. ವಿಡಿಯೊ ಬೇಕಿದ್ದರೆ, ಇದರಿಂದಲೇ ಮುಂದೆ ಸಂಪಾದನೆಯ ಯೋಚನೆಯಿದ್ದರೆ ಇನ್ನಷ್ಟು ತಿಂಗಳು ಹಣ ಕೂಡಿಟ್ಟು ಮಿರರ್‌ಲೆಸ್ ಕೊಳ್ಳುವುದು ಲೇಸು. ಹೊಸ ಡಿಎಸ್‌ಎಲ್‌ಆರ್ ಕಿಟ್‌ಗೆ ಪೂರ್ತಿ ಬೆಲೆ ಕೊಟ್ಟು ಇಎಂಐ ಕಟ್ಟುವುದಕ್ಕೆ ಮಾತ್ರ ಈಗ ಅರ್ಥವಿಲ್ಲ.