ಸಗರನಾಡಿನ ಅಧ್ಯಾಪಕರಿಗೆ ವಿಶ್ವವಿದ್ಯಾಲಯದ ಪ್ರಶಸ್ತಿ ಬೇಕೇ?

ಸಗರನಾಡಿನ ಯಾದಗಿರಿ, ಶಹಾಪುರ, ಸುರಪುರದ ಪದವಿ ಕಾಲೇಜುಗಳು ಮೊದಲು ಗುಲಬರ್ಗಾ ವಿಶ್ವವಿದ್ಯಾಲಯದಲ್ಲಿದ್ದವು. 2021ರಲ್ಲಿ ಶುರುವಾದ, ಈಗ ಮಹರ್ಷಿ ವಾಲ್ಮೀಕಿಯ ಹೆಸರು ಹೊತ್ತಿರುವ ರಾಯಚೂರು ವಿಶ್ವವಿದ್ಯಾಲಯದ ವ್ಯಾಪ್ತಿಗೆ ಈಗ ಬಂದಿವೆ. ಈ ಕಾಲೇಜುಗಳಲ್ಲಿ ಚೆನ್ನಾಗಿ ಪಾಠ ಮಾಡುವವರನ್ನು ಗುರುತಿಸಿ ವಿಶ್ವವಿದ್ಯಾಲಯ ವರ್ಷಕ್ಕೊಮ್ಮೆ ಪ್ರಶಸ್ತಿ ಕೊಡಬೇಕೇ? ಇಲ್ಲಿ ಎರಡು ಅಭಿಪ್ರಾಯಗಳಿವೆ.

ಪರ: ಪಾಠಕ್ಕೂ ಒಂದು ದಾಖಲೆ ಇರಲಿ

ಪದವಿ ಕಾಲೇಜಿನ ಅಧ್ಯಾಪಕರೊಬ್ಬರು ಹೇಗೆ ಪಾಠ ಮಾಡುತ್ತಾರೆ ಎಂಬುದು ಇಲಾಖೆಯ ಯಾವ ಕಡತದಲ್ಲೂ ದಾಖಲಾಗುವುದಿಲ್ಲ. ಯುಜಿಸಿ 2018ರಲ್ಲಿ ತಂದ ನಿಯಮಾವಳಿಯನ್ನೇ ತೆಗೆದು ನೋಡಿ. ಬಡ್ತಿಗೆ ಅರ್ಜಿ ಹಾಕಿದವರ ಬೋಧನೆಯನ್ನು ಅಳೆಯಲು ಅದು ಕೇಳುವುದು ಇಷ್ಟೇ: ಹಂಚಿಕೊಟ್ಟ ತರಗತಿಗಳಲ್ಲಿ ಎಷ್ಟು ತೆಗೆದುಕೊಂಡಿರಿ? ಶೇ 80 ಮುಟ್ಟಿದರೆ ‘ಉತ್ತಮ’, 70ರಿಂದ 80ರೊಳಗಿದ್ದರೆ ‘ಸಮಾಧಾನಕರ’, ಅದಕ್ಕೂ ಕೆಳಗಿದ್ದರೆ ‘ಸಮಾಧಾನಕರವಲ್ಲ’. ಹಳೆಯ ನೋಟ್ಸ್ ಹಿಡಿದು ಗಂಟೆಗಟ್ಟಲೆ ಬರೆಸಿ ಎದ್ದು ಹೋದವರಿಗೂ ಅದೇ ‘ಉತ್ತಮ’, ಹಿಂದಿನ ಬೆಂಚಿನ ಹುಡುಗಿ ಬಾಯಿ ಬಿಟ್ಟು ಪ್ರಶ್ನೆ ಕೇಳುವವರೆಗೆ ಬಿಡದೆ ಕಲಿಸಿದವರಿಗೂ ಅದೇ ‘ಉತ್ತಮ’. ಸಂಶೋಧನಾ ಪ್ರಬಂಧಕ್ಕಾದರೆ ಯಾವ ಪತ್ರಿಕೆ, ಎಷ್ಟು ಜನ ಲೇಖಕರು, ಯಾರ ಪಾಲು ಎಷ್ಟು ಎಂದು ಅಂಕ ಲೆಕ್ಕ ಹಾಕುವ ವ್ಯವಸ್ಥೆಗೆ, ದಿನಾ ನಡೆಯುವ ಪಾಠದ ಗುಣ ನೋಡುವ ಕಣ್ಣೇ ಇಲ್ಲ. ಪ್ರಶಸ್ತಿ ಬೇಕು ಎಂದು ನಾನು ಪಟ್ಟು ಹಿಡಿಯುವುದು ಶಾಲು, ಹಾರ, ಫಲಕಗಳ ಆಸೆಯಿಂದಲ್ಲ. ಪಾಠವನ್ನು ಪಾಠವಾಗಿಯೇ ಪರಿಶೀಲಿಸಿ, ಅದು ಹೇಗಿತ್ತೆಂದು ವಿಶ್ವವಿದ್ಯಾಲಯ ಬರೆದಿಡುವ ಒಂದು ಜಾಗ ಬೇಕು. ಸದ್ಯಕ್ಕೆ ಅಂಥ ಜಾಗವನ್ನು ಪ್ರಶಸ್ತಿಯ ಮೂಲಕವಲ್ಲದೆ ಬೇರೆ ದಾರಿಯಿಂದ ಸೃಷ್ಟಿಸಲು ಯಾರೂ ಮುಂದೆ ಬಂದಿಲ್ಲ.

ಈ ಮಾತು ಬೆಂಗಳೂರು, ಮೈಸೂರಿಗಿಂತ ಸಗರನಾಡಿಗೆ ಹತ್ತು ಪಟ್ಟು ಹೆಚ್ಚು ಅನ್ವಯಿಸುತ್ತದೆ. 2011ರ ಜನಗಣತಿಯಲ್ಲಿ ರಾಜ್ಯದ ಸಾಕ್ಷರತೆ ಶೇ 75.36 ಇದ್ದಾಗ ಯಾದಗಿರಿ ಜಿಲ್ಲೆಯದು ಶೇ 51.83, ರಾಜ್ಯದಲ್ಲೇ ಕಡಿಮೆ. ಹೆಣ್ಣುಮಕ್ಕಳದು ಶೇ 41ರ ಆಸುಪಾಸು. 2002ರಲ್ಲಿ ವರದಿ ಕೊಟ್ಟ ಡಾ. ಡಿ.ಎಂ. ನಂಜುಂಡಪ್ಪ ಸಮಿತಿ ಯಾದಗಿರಿ, ಶಹಾಪುರ, ಸುರಪುರ ಮೂರನ್ನೂ ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಗೆ ಸೇರಿಸಿತ್ತು. ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ 2023ರಲ್ಲೂ 2024ರಲ್ಲೂ ಜಿಲ್ಲೆ ಕೊನೆಯ ಸ್ಥಾನದಲ್ಲಿತ್ತು. 2025ರ ದ್ವಿತೀಯ ಪಿಯುಸಿಯಲ್ಲಿ ಶೇ 48.45 ಪಡೆದು ಮತ್ತೆ ಕೊನೆಗೆ ನಿಂತಿತು. ಇಷ್ಟೆಲ್ಲ ಜರಡಿಗಳನ್ನು ದಾಟಿ ಪದವಿ ತರಗತಿಗೆ ಬಂದು ಕೂತ ಮಕ್ಕಳಲ್ಲಿ ಬಹಳಷ್ಟು ಜನ ತಮ್ಮ ಮನೆಯಿಂದ ಕಾಲೇಜು ಕಂಡ ಮೊದಲಿಗರು. ಹುಣಸಗಿ, ಕೆಂಭಾವಿ, ವಡಗೇರಾ ಕಡೆಯಿಂದ ಬಸ್ಸು ಹಿಡಿದು ಬರುವವರು. ಹತ್ತಿ ಬಿಡಿಸುವ ಕಾಲ ಬಂತೆಂದರೆ ವಾರಗಟ್ಟಲೆ ತರಗತಿಯಲ್ಲಿ ಅರ್ಧ ಬೆಂಚು ಖಾಲಿ. ದುಡಿಯಲು ಬೆಂಗಳೂರು, ಮುಂಬೈಗೆ ಹೊರಟ ಮನೆಯವರ ಜೊತೆ ಹೋದವರು ವಾಪಸ್ ಬರುತ್ತಾರೋ ಇಲ್ಲವೋ ಖಾತ್ರಿಯಿಲ್ಲ. ಇಂಥ ಕಡೆ ಒಬ್ಬ ವಿದ್ಯಾರ್ಥಿಯನ್ನು ಮೊದಲ ಸೆಮಿಸ್ಟರ್‌ನಿಂದ ಆರನೆಯದರವರೆಗೆ ಕೈ ಬಿಡದೆ ಕರೆತರುವುದು ಎಷ್ಟು ದೊಡ್ಡ ಕೆಲಸ ಎಂಬುದನ್ನು ಯಾವ ರ‍್ಯಾಂಕಿಂಗೂ ಹೇಳುವುದಿಲ್ಲ.

ಹಾಗಾದರೆ ಆ ಕೆಲಸವನ್ನು ನೋಡುವುದು ಹೇಗೆ? ಅರ್ಜಿ ಕರೆಯಬಾರದು ಎಂಬುದು ನನ್ನ ಮೊದಲ ಷರತ್ತು. ವಿದ್ಯಾರ್ಥಿಗಳ ಅಸೈನ್‌ಮೆಂಟುಗಳನ್ನು, ಆಂತರಿಕ ಪರೀಕ್ಷೆಯ ಉತ್ತರ ಪತ್ರಿಕೆಗಳನ್ನು ಆಯ್ಕೆ ಸಮಿತಿಯೇ ತರಿಸಿಕೊಳ್ಳಲಿ. ಅಲ್ಲಿ ಎಲ್ಲವೂ ಕಾಣುತ್ತದೆ. ಗೈಡಿನಿಂದ ಇಳಿಸಿಕೊಂಡ ನಾಲ್ಕು ಪುಟದ ಕೆಳಗೆ ಒಂದು ಸಹಿ, ಹತ್ತಕ್ಕೆ ಎಂಟು ಅಂಕ ಇದ್ದರೆ ಅದು ಒಂದು ಬಗೆಯ ಪಾಠ. ಇನ್ನೊಂದು ಪತ್ರಿಕೆಯಲ್ಲಿ ಕೆಂಪು ಶಾಯಿ ಸಾಲು ಸಾಲಿಗೂ ಇಣುಕುತ್ತದೆ: ಬರ ಬಂದದ್ದರಿಂದ ಜನ ಗುಳೆ ಹೋದರು ಎಂದು ವಿದ್ಯಾರ್ಥಿ ಬರೆದ ಕಡೆ ಅಂಚಿನಲ್ಲಿ ‘ನೀರಾವರಿ ಇರುವ ಊರಿನವರೂ ಹೋದರಲ್ಲ, ಯಾಕೆ?’ ಎಂಬ ಪ್ರಶ್ನೆ. ಮುಂದಿನ ಅಸೈನ್‌ಮೆಂಟಿನಲ್ಲಿ ಅದೇ ವಿದ್ಯಾರ್ಥಿ ಕೃಷ್ಣಾ ಕಾಲುವೆಯ ಕೊನೆಯ ಊರಿಗೆ ನೀರು ತಲುಪದಿರುವುದನ್ನು ತನ್ನದೇ ಮಾತಿನಲ್ಲಿ, ಕಾಗುಣಿತದ ತಪ್ಪುಗಳ ಸಮೇತ, ವಾದ ಮಾಡಿ ಬರೆದಿರುತ್ತಾನೆ. ಮೊದಲ ವರ್ಷದ ಮತ್ತು ಮೂರನೇ ವರ್ಷದ ಇಂಥ ಹಾಳೆಗಳನ್ನು ಅಕ್ಕಪಕ್ಕ ಇಟ್ಟರೆ, ನಡುವೆ ಒಬ್ಬ ಅಧ್ಯಾಪಕರು ಇದ್ದರೋ ಇಲ್ಲವೋ ಎಂಬುದು ಅರ್ಧ ಗಂಟೆಯಲ್ಲಿ ತಿಳಿಯುತ್ತದೆ. ಅಷ್ಟು ಮಾಡಲು ಕೋಟಿ ರೂಪಾಯಿ ಬೇಡ, ಓದುವ ತಾಳ್ಮೆಯಿರುವ ಮೂರು ಜನ ಹಿರಿಯರು ಸಾಕು.

ವಿದ್ಯಾರ್ಥಿಗಳನ್ನೇ ಕೇಳಿ ಅಂಕ ಕೊಡಿಸಿದರೆ ಆಗದೇ ಎನ್ನುವವರಿದ್ದಾರೆ. ಕೇಳಲಿ, ಆದರೆ ಅದೊಂದನ್ನೇ ನೆಚ್ಚಿಕೊಳ್ಳಬಾರದು. ಅಮೆರಿಕದ ವಾಯುಪಡೆ ಅಕಾಡೆಮಿಯ ದಾಖಲೆಗಳನ್ನಿಟ್ಟುಕೊಂಡು ಕ್ಯಾರೆಲ್ ಮತ್ತು ವೆಸ್ಟ್ ಎಂಬ ಅರ್ಥಶಾಸ್ತ್ರಜ್ಞರು 2010ರಲ್ಲಿ ಪ್ರಕಟಿಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಅಲ್ಲಿ ಯಾವ ವಿದ್ಯಾರ್ಥಿ ಯಾವ ಅಧ್ಯಾಪಕರ ತರಗತಿಗೆ ಹೋಗಬೇಕೆಂಬುದನ್ನು ಆಡಳಿತವೇ ನಿರ್ಧರಿಸುತ್ತದೆ, ಆಯ್ಕೆಗೆ ಅವಕಾಶವಿಲ್ಲ. ಹೀಗಾಗಿ ಹೋಲಿಕೆಗೆ ಬಲವಿದೆ. ಆಯಾ ಸೆಮಿಸ್ಟರ್‌ನಲ್ಲಿ ಒಳ್ಳೆಯ ಅಂಕ ಬರಿಸಿ ವಿದ್ಯಾರ್ಥಿಗಳಿಂದ ಮೆಚ್ಚುಗೆ ಪಡೆದ ಅಧ್ಯಾಪಕರ ಶಿಷ್ಯರು ಅದೇ ವಿಷಯದ ಮುಂದಿನ ಕೋರ್ಸಿನಲ್ಲಿ ಹಿಂದೆ ಬಿದ್ದರು. ಬಿಗಿಯಾಗಿ ಕಲಿಸಿ ಕಡಿಮೆ ಮೆಚ್ಚುಗೆ ಪಡೆದವರ ಶಿಷ್ಯರು ಮುಂದೆ ಚೆನ್ನಾಗಿ ಮಾಡಿದರು. ನಾವೂ ನೋಡಬೇಕಾದದ್ದು ಅದನ್ನೇ. ಒಬ್ಬರ ಕೈಯಲ್ಲಿ ಕಲಿತವರು ಮುಂದಿನ ವರ್ಷ ಇನ್ನೊಬ್ಬರ ತರಗತಿಯಲ್ಲಿ ಹೇಗಿದ್ದಾರೆ, ಎಷ್ಟು ಜನ ನಡುವೆ ಬಿಟ್ಟು ಹೋಗದೆ ಉಳಿದರು? ಪ್ರವೇಶದಿಂದ ಫಲಿತಾಂಶದವರೆಗೆ ಎಲ್ಲವೂ ಈಗ ರಾಜ್ಯದ ವಿಶ್ವವಿದ್ಯಾಲಯಗಳ ಯುಯುಸಿಎಂಎಸ್ ಪೋರ್ಟಲ್‌ನಲ್ಲಿದೆ. ಮಾಹಿತಿ ಇಲ್ಲ ಎಂಬ ನೆಪ ನಡೆಯುವುದಿಲ್ಲ.

ಇನ್ನು ಅತಿಥಿ ಉಪನ್ಯಾಸಕರ ವಿಷಯ. ರಾಜ್ಯದ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಡೆಯುತ್ತಿರುವುದೇ ಹತ್ತು ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರಿಂದ. ಕಾಯಂ ಆದವರಿಗೆ ‘ಉತ್ತಮ’ ಎಂಬ ಒಂದು ಪದವಾದರೂ ಸಿಗುತ್ತದೆ, ಇವರಿಗೆ ಅದೂ ಇಲ್ಲ. ವರ್ಷ ಮುಗಿದರೆ ಮತ್ತೆ ಕೌನ್ಸೆಲಿಂಗ್, ಮತ್ತೆ ಹೊಸ ಕಾಲೇಜು. ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳ ಬಗ್ಗೆ 2013ರಲ್ಲಿ ಬಂದ ಅಧ್ಯಯನವೊಂದು, ಕಾಯಮಾತಿಯ ಹಾದಿಯಲ್ಲಿಲ್ಲದ ಅಧ್ಯಾಪಕರು ಕಲಿಸಿದ ಮೊದಲ ವರ್ಷದ ಮಕ್ಕಳು ಮುಂದಿನ ಕೋರ್ಸುಗಳಲ್ಲಿ ಮೇಲುಗೈ ಸಾಧಿಸಿದರೆಂದೂ, ಓದಿನಲ್ಲಿ ಹಿಂದಿದ್ದವರಿಗೆ ಅದರ ಲಾಭ ಹೆಚ್ಚು ಸಿಕ್ಕಿತೆಂದೂ ತೋರಿಸಿತು. ಅಲ್ಲಿನ ಸ್ಥಿತಿ ಬೇರೆ, ಇಲ್ಲಿನದು ಬೇರೆ, ಒಪ್ಪೋಣ. ಆದರೆ ಹುದ್ದೆಯ ಹೆಸರಿನಿಂದ ಪಾಠದ ಗುಣ ನಿರ್ಧಾರವಾಗುವುದಿಲ್ಲ ಎಂಬುದು ಎಲ್ಲಿಗೂ ಸಲ್ಲುವ ಮಾತು. ಆದ್ದರಿಂದ ಈ ಪ್ರಶಸ್ತಿ ಅತಿಥಿಗಳಿಗೂ ತೆರೆದಿರಬೇಕು. ಅವರನ್ನು ಹೊರಗಿಟ್ಟು ಕೊಡುವುದಾದರೆ ಕೊಡುವುದೇ ಬೇಡ. ನಾನೇ ಮೊದಲು ವಿರೋಧಿಸುತ್ತೇನೆ.

ಲಾಬಿ ನಡೆಯುತ್ತದೆ ಎಂಬ ಆಕ್ಷೇಪ ಹಳೆಯದು. ಅರ್ಜಿಯೇ ಇಲ್ಲದಿದ್ದರೆ ಲಾಬಿಯ ಅರ್ಧ ದಾರಿ ಮುಚ್ಚುತ್ತದೆ. ಉಳಿದರ್ಧಕ್ಕೆ ನಾರ್ತ್ ಕ್ಯಾರೊಲಿನಾ ರಾಜ್ಯದ ಸಾರ್ವಜನಿಕ ವಿಶ್ವವಿದ್ಯಾಲಯದ ಪದ್ಧತಿ ಇದೆ: ಅಲ್ಲಿ 17 ಕ್ಯಾಂಪಸ್‌ಗಳು, ಪ್ರತಿ ಕ್ಯಾಂಪಸ್‌ಗೂ ಒಬ್ಬರಂತೆ ಬೋಧನಾ ಪ್ರಶಸ್ತಿ. ಸುರಪುರದವರು ರಾಯಚೂರು ನಗರದವರ ಜೊತೆ ಸೆಣಸಬೇಕಿಲ್ಲ, ತಾಲ್ಲೂಕಿಗೊಬ್ಬರು ಎಂದರೆ ಸಾಕು. ಶಾಲಾ ಶಿಕ್ಷಕರಿಗೆ 1958ರಿಂದ ಇರುವ ರಾಷ್ಟ್ರ ಪ್ರಶಸ್ತಿ ಉನ್ನತ ಶಿಕ್ಷಣದವರಿಗೆ ತೆರೆದದ್ದು 2023ರಲ್ಲಿ. ಇಡೀ ದೇಶಕ್ಕೆ ಬೆರಳೆಣಿಕೆಯಷ್ಟು. ಶಹಾಪುರದ ಪಕ್ಕದ ಭೀಮರಾಯನಗುಡಿಯಲ್ಲಿ ಕೃಷಿ ಕಾಲೇಜಿದೆ. ಕೃಷಿ ಬೋಧಕರಿಗೆಂದೇ ಭಾರತೀಯ ಕೃಷಿ ಅನುಸಂಧಾನ ಪರಿಷತ್ತು ಸಿ. ಸುಬ್ರಮಣ್ಯಂ ಹೆಸರಿನಲ್ಲಿ ಪ್ರಶಸ್ತಿ ಇಟ್ಟಿತು. ಅದೇ ಊರಿನ ಬಸ್ಸಿನಲ್ಲಿ ಓಡಾಡುತ್ತ ಇತಿಹಾಸವನ್ನೋ ಗಣಿತವನ್ನೋ ಕಲಿಸುವವರ ಪಾಠವನ್ನು ಕೇಳಿಸಿಕೊಳ್ಳಲು ಅವರದೇ ವಿಶ್ವವಿದ್ಯಾಲಯ ಒಮ್ಮೆಯಾದರೂ ಬರಬಾರದೇ?

ವಿರೋಧ: ಹುದ್ದೆ ತುಂಬುವ ಕೆಲಸ ಮೊದಲಾಗಲಿ

ಪ್ರಶಸ್ತಿಯ ಉದ್ದೇಶ ಒಳ್ಳೆಯದು ಎಂಬುದರಲ್ಲಿ ತಕರಾರಿಲ್ಲ. ಅದು ಮಾಡಬಲ್ಲ ಕೆಲಸ ಬಹಳ ಕಡಿಮೆ ಎಂಬುದು ನನ್ನ ವಾದ. ಈ ಭಾಗದ ಕಾಲೇಜುಗಳ ಮುಖ್ಯ ಕೊರತೆ ಮನ್ನಣೆಯದಲ್ಲ, ಅಧ್ಯಾಪಕರದು. ರಾಜ್ಯದಾದ್ಯಂತ 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆಯಿತು. ಪ್ರಶ್ನೆಪತ್ರಿಕೆ ಸೋರಿಕೆಯ ಪ್ರಕರಣವೂ ಸೇರಿ ನೇಮಕಾತಿ ಎಳೆದಾಡಿತು. ಅದೇ ವರ್ಷದ ಜನವರಿಯವರೆಗೆ ಅತಿಥಿ ಉಪನ್ಯಾಸಕರ ಗೌರವಧನ ತಿಂಗಳಿಗೆ 11ರಿಂದ 13 ಸಾವಿರ ರೂಪಾಯಿ. ಹೋರಾಟದ ನಂತರ ಅರ್ಹತೆ, ಸೇವೆ ನೋಡಿ 26ರಿಂದ 32 ಸಾವಿರಕ್ಕೆ ಏರಿತು, ಜೊತೆಗೆ ವಾರದ ಕಾರ್ಯಭಾರ 15 ಗಂಟೆಗೆ ಹೋಯಿತು. 2023ರ ಕೊನೆಯಲ್ಲಿ ಅವರು ಮತ್ತೆ ತರಗತಿ ಬಹಿಷ್ಕರಿಸಬೇಕಾಯಿತು. ಸೇವಾ ಭದ್ರತೆ ಕೇಳುತ್ತಿರುವವರ ಕೈಗೆ ಪ್ರಮಾಣಪತ್ರ ಕೊಟ್ಟರೆ ಅವರ ಪ್ರಶ್ನೆಗೆ ಉತ್ತರ ಕೊಟ್ಟಂತಾಗುವುದಿಲ್ಲ. ಉತ್ತರ ಕೊಟ್ಟೆವು ಎಂದು ಆಡಳಿತ ಹೇಳಿಕೊಳ್ಳಲು ಅನುಕೂಲವಾಗುತ್ತದೆ, ಅಷ್ಟೆ.

ಆಯ್ಕೆಯ ತೊಡಕೂ ಇದೆ. ಸಣ್ಣ ಊರಿನ ಕಾಲೇಜಿನಲ್ಲಿ ಒಂದು ವಿಷಯಕ್ಕೆ ಒಬ್ಬರೋ ಇಬ್ಬರೋ ಇರುತ್ತಾರೆ. ಸಮಾಜಶಾಸ್ತ್ರದ ಒಬ್ಬರನ್ನು ಭೌತಶಾಸ್ತ್ರದ ಒಬ್ಬರ ಜೊತೆ ಯಾವ ಅಳತೆಯಲ್ಲಿ ಹೋಲಿಸುತ್ತೀರಿ? ವಿದ್ಯಾರ್ಥಿ ಮೂರು ವರ್ಷ ಉಳಿದದ್ದು ಒಬ್ಬ ಅಧ್ಯಾಪಕರಿಂದಲೋ, ಹಾಸ್ಟೆಲ್ ಸೀಟು ಸಿಕ್ಕಿದ್ದರಿಂದಲೋ, ಹಳ್ಳಿಗೆ ಹೊತ್ತಿಗೆ ಸರಿಯಾಗಿ ಬಸ್ಸು ಬಂದದ್ದರಿಂದಲೋ? ಒಂದೇ ಬ್ಯಾಚಿಗೆ ಐದಾರು ಜನ ಕಲಿಸಿರುವಾಗ ಒಬ್ಬರನ್ನೇ ವೇದಿಕೆಗೆ ಕರೆದರೆ ಉಳಿದವರ ಮನಸ್ಸಿಗೆ ಏನಾಗುತ್ತದೆ ಎಂಬುದನ್ನೂ ಯೋಚಿಸಬೇಕು. ಲಾಬಿಯನ್ನು ಹಳೆಯ ಆಕ್ಷೇಪ ಎಂದು ತಳ್ಳಿಹಾಕುವುದು ಸುಲಭ. ರಾಜ್ಯೋತ್ಸವ ಪ್ರಶಸ್ತಿಯನ್ನೇ ನೋಡಿ: 2023ರಲ್ಲಿ 68, 2024ರಲ್ಲಿ 69, ನಾಡಿಗೆ ವಯಸ್ಸಾದಷ್ಟು ಜನರಿಗೆ ಎಂಬ ಲೆಕ್ಕಕ್ಕೆ ಕಟ್ಟಿಹಾಕಿದ್ದರೂ ಪ್ರತಿ ಅಕ್ಟೋಬರ್‌ನಲ್ಲಿ ಶಿಫಾರಸು ಪತ್ರಗಳ ಸುದ್ದಿ ತಪ್ಪುವುದಿಲ್ಲ. ಒಬ್ಬರನ್ನೊಬ್ಬರು ಬಲ್ಲ, ಜಾತಿ, ಪಕ್ಷ, ಸಂಘಗಳ ನಂಟು ಇರುವ ಊರಿನಲ್ಲಿ ಅರ್ಜಿ ಇಲ್ಲದಿದ್ದರೂ ಫೋನು ಇದ್ದೇ ಇರುತ್ತದೆ.

ಉತ್ತರ ಪತ್ರಿಕೆಗಳನ್ನು ತರಿಸಿ ಓದುವ ಸಲಹೆ ಮಾತ್ರ ನಿಜಕ್ಕೂ ಗಟ್ಟಿಯಾದದ್ದು. ಅಷ್ಟು ಗಟ್ಟಿಯಾಗಿದ್ದರೆ ಅದನ್ನು ಪ್ರಶಸ್ತಿಗೆ ಯಾಕೆ ಕಟ್ಟಬೇಕು? ಪ್ರತಿ ವರ್ಷ ಎಲ್ಲ ಕಾಲೇಜುಗಳಿಂದ ಒಂದಿಷ್ಟು ಅಸೈನ್‌ಮೆಂಟು ತರಿಸಿ, ಓದಿ, ಎಲ್ಲ ಅಧ್ಯಾಪಕರಿಗೂ ನಾಲ್ಕು ಸಾಲು ಬರೆದು ಕಳಿಸಲಿ. ಚೆನ್ನಾಗಿ ಮಾಡುವವರಿಗೆ ಅದೇ ಮನ್ನಣೆ, ಮಾಡದವರಿಗೆ ಅದೇ ಎಚ್ಚರಿಕೆ. ವಿಶ್ವವಿದ್ಯಾಲಯಕ್ಕೆ ಅಷ್ಟು ಕೈಗಳಿವೆಯೇ ಎಂದು ಕೇಳಿದರೆ, ಸದ್ಯಕ್ಕೆ ಇಲ್ಲ ಎಂದೇ ಹೇಳಬೇಕು. ತಾಲ್ಲೂಕಿಗೊಬ್ಬರ ಮಟ್ಟಕ್ಕೆ ಇಳಿಸಿದರೆ ಬಹುಶಃ ಸಾಧ್ಯವಾದೀತು. ಅತಿಥಿ ಉಪನ್ಯಾಸಕರನ್ನೂ ಸೇರಿಸುತ್ತೇವೆ ಎನ್ನುವುದಾದರೆ ನನ್ನ ವಿರೋಧದ ದೊಡ್ಡ ಭಾಗ ಉಳಿಯುವುದಿಲ್ಲ, ಅದನ್ನೂ ಒಪ್ಪುತ್ತೇನೆ. ಆದರೆ ಸೇರಿಸುವುದೆಂದರೆ ಸಾಲಿನಲ್ಲಿ ನಿಲ್ಲಿಸುವುದಷ್ಟೇ ಆಗಬಾರದು. ಪ್ರಶಸ್ತಿ ಪಡೆದ ಅತಿಥಿ ಉಪನ್ಯಾಸಕರು ಮುಂದಿನ ಜೂನ್‌ನಲ್ಲಿ ಕೆಲಸವಿಲ್ಲದೆ ಮನೆಯಲ್ಲಿ ಕೂರುವಂತಾದರೆ ಆ ಕಾಗದಕ್ಕೆ ಬೆಲೆ ಏನು? ಅದನ್ನು ಕೌನ್ಸೆಲಿಂಗ್‌ನ ಮೆರಿಟ್ ಪಟ್ಟಿಯಲ್ಲಿ ಅಂಕವಾಗಿ ಪರಿಗಣಿಸುವುದಾಗಿ ಕಾಲೇಜು ಶಿಕ್ಷಣ ಇಲಾಖೆ ಮೊದಲು ಲಿಖಿತ ಆದೇಶ ಹೊರಡಿಸಲಿ. ಆ ಆದೇಶ ಬಂದ ದಿನ ಆಯ್ಕೆ ಸಮಿತಿ ರಚಿಸುವ ಬಗ್ಗೆ ಮಾತಾಡೋಣ.