ಪ್ಯಾಡ್ ಸವೆದರೆ ಬ್ರೇಕೇ ಸತ್ತಂತಲ್ಲ

'ಇದು ರಿಪೇರಿ ಆಗಲ್ಲ, ಪೂರ್ತಿ ಸೆಟ್ ಬದಲಾಯಿಸಿ.' ಹಳೆಯ ಡಿಸ್ಕ್ ಬ್ರೇಕ್ ಸೈಕಲ್ ತಗೊಂಡು ಅಂಗಡಿಗೆ ಹೋದರೆ ಎಷ್ಟೋ ಸಲ ಚಕ್ರ ಬಿಚ್ಚುವ ಮೊದಲೇ ಈ ಮಾತು ಬರುತ್ತದೆ. ಶೇಷಾದ್ರಿಪುರಂನಲ್ಲಿ ರೂಮು ಮಾಡಿಕೊಂಡಿರುವ ನಮಗೂ ಇದೇ ಉತ್ತರ, ಊರಲ್ಲಿರುವ ನಮ್ಮ ತಮ್ಮಂದಿರಿಗೂ ಇದೇ ಉತ್ತರ. ಬಿಚ್ಚಿ ನೋಡದೆ ಹೇಳಿದ ಮಾತನ್ನು ಒಪ್ಪಬೇಡಿ.

ಬ್ರೇಕ್ ಜೀವದ ಪ್ರಶ್ನೆ, ಜಿಪುಣತನ ಬೇಡ ಅನ್ನುತ್ತಾರೆ. ನಿಜ. ಅದಕ್ಕೇ ಅಂದಾಜು ಬೇಡ, ಅಳತೆ ಬೇಕು ಅನ್ನುತ್ತೇವೆ ನಾವು. ಪೂರ್ತಿ ಸೆಟ್ಟಿಗೆ ದುಡ್ಡಿಲ್ಲವೆಂದು ಹುಡುಗ ಸವೆದ ಬ್ರೇಕಿನಲ್ಲೇ ಶಾಲೆಗೆ ಹೋಗುತ್ತಾನಲ್ಲ, ಅಪಾಯ ಇರುವುದು ಅಲ್ಲಿ. ಪ್ಯಾಡ್ ಹಾಕಿಸಿದರೆ ಸಾಕು ಎಂದಿದ್ದರೆ ಅವತ್ತೇ ಹಾಕಿಸುತ್ತಿದ್ದ.

ಶಿಮಾನೊ ಕಂಪನಿಯ ಲೆಕ್ಕ ನೋಡಿ. ಪ್ಯಾಡಿನ ಉಜ್ಜುವ ಭಾಗ 0.5 ಮಿ.ಮೀ.ಗೆ ಇಳಿದರೆ ಪ್ಯಾಡ್ ಬದಲಿಸಬೇಕು. ಹೊಸದಿದ್ದಾಗ 1.8 ಮಿ.ಮೀ. ದಪ್ಪವಿರುವ ಡಿಸ್ಕ್ 1.5ಕ್ಕೆ ಬಂದರೆ ಡಿಸ್ಕ್ ಬದಲಿಸಬೇಕು. ಎರಡಕ್ಕೂ ಕ್ಯಾಲಿಪರ್ ಎಸೆಯಬೇಕಿಲ್ಲ. ಸ್ವಲ್ಪ ಬಾಗಿದ ಡಿಸ್ಕನ್ನು ನೇರ ಮಾಡಬಹುದು. ಕೇಬಲ್ ಬ್ರೇಕ್ ಬಿಗಿಯಾಗಿದ್ದರೆ ಮೊದಲು ಕೇಬಲ್, ಅದರ ಹೊರಕವಚ ಬದಲಿಸಿ ನೋಡಿ. ಕಿರ್ರೆನ್ನುತ್ತದೆಂದು ಡಿಸ್ಕಿಗೆ ಮಾತ್ರ ಎಣ್ಣೆ ಬಿಡಬೇಡಿ. ಎಣ್ಣೆ ಕುಡಿದ ಪ್ಯಾಡ್ ಹಿಡಿಯುವುದಿಲ್ಲ, ಅದನ್ನು ತೆಗೆದುಹಾಕಲೇಬೇಕು.

ಆಯಿಲ್ ಬ್ರೇಕ್ ಇದ್ದವರು ಇನ್ನೊಂದು ಎಚ್ಚರ ವಹಿಸಬೇಕು. ನಮ್ಮೂರ ಬೈಕ್ ಮೆಕ್ಯಾನಿಕ್ ಅಣ್ಣಂದಿರ ಬಳಿ ಇರುವುದು ಡಾಟ್ ಬ್ರೇಕ್ ಆಯಿಲ್. ಶಿಮಾನೊ, ಟೆಕ್ಟ್ರೊ ಸೈಕಲ್ ಬ್ರೇಕಿಗೆ ಬೇಕಾದದ್ದು ಮಿನರಲ್ ಆಯಿಲ್. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಒಳಗಿನ ರಬ್ಬರ್ ಸೀಲ್ ಊದಿಕೊಂಡು, ಚೆನ್ನಾಗಿದ್ದ ಬ್ರೇಕೂ ಹಾಳಾಗುತ್ತದೆ.

ಹಾಗಾದರೆ ಪೂರ್ತಿ ಬದಲಿಸುವುದು ಯಾವಾಗ? ಕ್ಯಾಲಿಪರ್ ಬಿರುಕು ಬಿಟ್ಟಿದ್ದರೆ, ಪಿಸ್ಟನ್ ಅಥವಾ ಲಿವರ್ ಹತ್ತಿರ ಆಯಿಲ್ ಸೋರುತ್ತಿದ್ದು ಅದರ ಸೀಲ್ ಸಿಗದಿದ್ದರೆ, ಸ್ವಚ್ಛ ಮಾಡಿದರೂ ಒತ್ತಿದ್ದು ವಾಪಸ್ ಬರದಿದ್ದರೆ, ಆ ಮಾದರಿಗೆ ಪ್ಯಾಡೇ ಸಿಗದಿದ್ದರೆ. ಆಗ ಚೌಕಾಸಿ ಮಾಡದೆ ಹೊಸದು ಹಾಕಿಸಿ.

ಆದರೆ ಪ್ಯಾಡ್ ಸಿಗದಿರುವುದು ಯಾರ ತಪ್ಪು? ಸವಾರನದಂತೂ ಅಲ್ಲ. ಡಿಸ್ಕ್ ಬ್ರೇಕ್ ತೋರಿಸಿ ಸೈಕಲ್ ಮಾರಿದವರು ಅದರ ಪ್ಯಾಡನ್ನೂ ಮಾರಬೇಕು. ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ 'ರೈಟ್ ಟು ರಿಪೇರ್' ಪೋರ್ಟಲ್ ತೆರೆಯಿತು. ಅದು ಹೆಸರಿಸಿದ್ದು ನಾಲ್ಕು ವಲಯ: ಕೃಷಿ ಉಪಕರಣ, ಮೊಬೈಲ್-ಎಲೆಕ್ಟ್ರಾನಿಕ್ಸ್, ಮನೆಬಳಕೆ ಯಂತ್ರ, ವಾಹನ. ಬಡವರ ಸೈಕಲ್ಲಿಗೆ ಅಲ್ಲಿ ಪ್ರತ್ಯೇಕ ಜಾಗವಿಲ್ಲ. ಯಾಕಿಲ್ಲ ಎಂದು ಕೇಳಬೇಕಾದವರು ನಾವೇ.

ಅಲ್ಲಿಯವರೆಗೆ ಅಂಗಡಿಯಲ್ಲಿ ಮೂರು ಮಾತು ಕೇಳಿ. ಯಾವ ಭಾಗ ಹೋಗಿದೆ? ಎಷ್ಟು ಸವೆದಿದೆ? ತೆಗೆದ ಹಳೆಯ ಭಾಗ ನನ್ನ ಕೈಗೆ ಕೊಡುತ್ತೀರಾ? ಉತ್ತರ ಕೊಟ್ಟವರಿಗೆ ಕೆಲಸ ಕೊಡಿ, ಕೂಲಿಯನ್ನೂ ಮನಸಾರೆ ಕೊಡಿ. ಉತ್ತರಿಸದಿದ್ದರೆ ಸೈಕಲ್ ತಳ್ಳಿಕೊಂಡು ಮುಂದಿನ ಅಂಗಡಿಗೆ ನಡೆಯಿರಿ.