ಮಾಸಿನ ಮರ್ಮಕ್ಕೆ ಅಯಸ್ಕಾಂತದ ಕಣ್ಣು

ಹೆರಿಗೆಯಾಗಿ ಮಾಸು ಬಿದ್ದಿತೆಂದರೆ ಸೂಲಗಿತ್ತಿಗೆ ನೆಮ್ಮದಿ. ಅದನ್ನು ಹಿತ್ತಲಿನಲ್ಲಿ ಹೂಳಿದರೆ ಅದರ ಕಥೆ ಅಲ್ಲಿಗೆ ಮುಗಿಯಿತು. ಆದರೆ ಒಂಬತ್ತು ತಿಂಗಳ ಕಾಲ ಶಿಶುವಿಗೆ ಶ್ವಾಸಕೋಶವೂ ಜಠರವೂ ಮೂತ್ರಪಿಂಡವೂ ಆಗಿ ದುಡಿದುದು ಸುಮಾರು ಅರ್ಧ ಕಿಲೋಗ್ರಾಂ ತೂಗುವ ಈ ಮಾಸೇ.

ಮಾಸಿನಲ್ಲಿ ತಾಯಿಯ ರಕ್ತವೂ ಶಿಶುವಿನ ರಕ್ತವೂ ಬೆರೆಯುವುದಿಲ್ಲ. ಶಿಶುವಿನ ರಕ್ತನಾಳಗಳನ್ನೊಳಗೊಂಡ ಬೇರಿನಂಥ ಎಳೆಗಳು ತಾಯಿಯ ರಕ್ತದಲ್ಲಿ ಮುಳುಗಿ ನಿಂತು, ತೆಳುವಾದ ಪೊರೆಯ ಮೂಲಕ ಆಮ್ಲಜನಕವನ್ನೂ ಆಹಾರವನ್ನೂ ಹೀರಿಕೊಳ್ಳುತ್ತವೆ. ಬಸಿರಿಯ ರಕ್ತದೊತ್ತಡವೇರುವ ನಂಜಿನಲ್ಲಿ ಗರ್ಭಕೋಶದ ರಕ್ತನಾಳಗಳು ಸಾಕಷ್ಟು ಹಿಗ್ಗದೆ ಹೋಗುವುದುಂಟು. ರಕ್ತ ಸಾಲದೆಡೆ ಮಾಸು ತುಣುಕು ತುಣುಕಾಗಿ ನಿರ್ಜೀವವಾಗುತ್ತದೆ. ಶಿಶು ಸೊರಗುತ್ತದೆ, ಕೆಲವೊಮ್ಮೆ ಗರ್ಭದಲ್ಲಿಯೇ ಅಸುನೀಗುತ್ತದೆ.

ಹೊಕ್ಕುಳಬಳ್ಳಿಯ ರಕ್ತದ ಓಟವನ್ನು ಡಾಪ್ಲರ್ ಪರೀಕ್ಷೆ ತಿಳಿಸುತ್ತದೆ. ಆದರೆ ಮಾಸಿನ ಯಾವ ಭಾಗ ಎಷ್ಟು ಕೆಟ್ಟಿದೆಯೆಂಬುದು ಸಾಮಾನ್ಯವಾಗಿ ಸ್ಪಷ್ಟವಾಗುವುದು ಹೆರಿಗೆಯ ನಂತರವೇ. ಆ ವೇಳೆಗೆ ಕಾಲ ಮಿಂಚಿರುತ್ತದೆ.

ಇಲ್ಲಿ ನೆರವಿಗೆ ಬಂದುದು ರಕ್ತದ ಒಂದು ವಿಚಿತ್ರ ಗುಣ. ಆಮ್ಲಜನಕವನ್ನು ಕಳೆದುಕೊಂಡ ರಕ್ತ ಅಯಸ್ಕಾಂತದತ್ತ ತುಸು ಸೆಳೆಯಲ್ಪಡುತ್ತದೆ, ಆಮ್ಲಜನಕ ತುಂಬಿದ ರಕ್ತ ಸೆಳೆಯಲ್ಪಡುವುದಿಲ್ಲ ಎಂಬುದನ್ನು 1936ರಲ್ಲಿ ಲೈನಸ್ ಪಾಲಿಂಗ್ ಮತ್ತು ಚಾರ್ಲ್ಸ್ ಕೊರಿಯೆಲ್ ಕಂಡುಹಿಡಿದರು. 1990ರಲ್ಲಿ ಸೇಯಿಜಿ ಒಗಾವಾ ಈ ಭೇದವನ್ನು ಎಂ. ಆರ್. ಐ. ಚಿತ್ರದಲ್ಲಿ ಮೂಡಿಸಿ ತೋರಿಸಿದರು. ಆಮ್ಲಜನಕವಿದ್ದೆಡೆ ಚಿತ್ರ ಬೆಳಗುತ್ತದೆ, ಇಲ್ಲದೆಡೆ ಮಂಕಾಗುತ್ತದೆ. ಇದಕ್ಕೆ ಕ್ಷಕಿರಣವೂ ಬೇಡ, ರಕ್ತಕ್ಕೆ ಚುಚ್ಚುವ ಔಷಧವೂ ಬೇಡ. ಸಾಧಾರಣವಾಗಿ ಬಳಸುವ ಗ್ಯಾಡೊಲಿನಿಯಂ ಔಷಧ ಮಾಸನ್ನು ದಾಟಿ ಶಿಶುವನ್ನು ಸೇರುವುದರಿಂದ ಇದು ದೊಡ್ಡ ಅನುಕೂಲ.

2017ರಲ್ಲಿ ಅಮೆರಿಕದ ಬಾಸ್ಟನ್ ಪ್ರದೇಶದ ಸಂಶೋಧಕರು ಒಂದೇ ಮಾಸನ್ನು ಹಂಚಿಕೊಂಡ ಅವಳಿ ಶಿಶುಗಳನ್ನು ಈ ವಿಧಾನದಿಂದ ಪರೀಕ್ಷಿಸಿದ ವರದಿ ಪ್ರಕಟವಾಯಿತು. ತಾಯಿ ಒಂದೇ, ಅನುವಂಶವೂ ಒಂದೇ. ಆದುದರಿಂದ ಬೆಳವಣಿಗೆಯಲ್ಲಿ ವ್ಯತ್ಯಾಸವಿದ್ದರೆ ಮಾಸಿನ ಪಾಲಿನ ಮೇಲೆಯೇ ಗುಮಾನಿ. ತಾಯಿ ಆಮ್ಲಜನಕವನ್ನು ಉಸಿರಾಡಿದಾಗ ಅದು ಮಾಸಿನ ಯಾವ ಭಾಗವನ್ನು ಎಷ್ಟು ಹೊತ್ತಿನಲ್ಲಿ ತುಂಬುವುದೆಂದು ಅಳೆಯಲಾಯಿತು. ನಿಧಾನವಾಗಿ ತುಂಬಿದ ಪಾಲಿನ ಶಿಶುವಿನ ಮಿದುಳು, ಯಕೃತ್ತು, ಹುಟ್ಟುತೂಕ ಎಲ್ಲವೂ ಕಡಿಮೆಯಿರುವ ಸಂಬಂಧ ಕಂಡುಬಂದಿತು.

ಕೆಟ್ಟ ಮಾಸನ್ನು ಸರಿಪಡಿಸುವ ಔಷಧ ಇನ್ನೂ ದೊರೆತಿಲ್ಲ. ವೈದ್ಯರ ಕೈಯಲ್ಲಿರುವುದು ಹೆರಿಗೆಯ ಗಳಿಗೆಯನ್ನು ನಿರ್ಣಯಿಸುವುದಷ್ಟೇ. ಬೇಗ ಹೊರತೆಗೆದರೆ ಎಳೆಯ ಶ್ವಾಸಕೋಶಕ್ಕೆ ಅಪಾಯ. ತಡಮಾಡಿದರೆ ಹಸಿವಿನಿಂದ ಅಪಾಯ. ಪ್ರತಿ ಬಸಿರಿಗೂ ಈ ಪರೀಕ್ಷೆ ಬೇಕಿಲ್ಲ. ಅದಿನ್ನೂ ಬಹುಮಟ್ಟಿಗೆ ಸಂಶೋಧನೆಯ ಹಂತದಲ್ಲಿದೆ. ಆದರೆ ಇಂದು ಅಂದಾಜಿನ ಮೇಲೆ ತೂಗುತ್ತಿರುವ ಆ ತಕ್ಕಡಿಗೆ ಸರಿಯಾದ ತೂಕದ ಕಲ್ಲೊಂದು ದೊರೆತರೆ ಎಷ್ಟೋ ತೊಟ್ಟಿಲುಗಳು ಬರಿದಾಗದೆ ಉಳಿದಾವು.